ನಗಬಾರದ ಪಟಕ್ಕೊಂದು ನಗೆಗವನ

ನಮಸ್ಕಾರ. ಪಾಸ್‌ಪೋರ್ಟ್ ಫೋಟೋದಲ್ಲಿ ಮುಖ ಕೆಟ್ಟು ಕಾಣುವುದರ ಮೇಲೆ ನೀವು ಕಳಿಸಿದ 24 ಸಾಲಿನ ನಗೆಗವನ ಓದಿದೆವು. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾಗದು. ವಿಷಯವೇನೋ ಒಳ್ಳೆಯದೇ. ಗಲ್ಫಿಗೆ ಹೋಗಿಬರುವವರ ಕಾಸರಗೋಡಿನಲ್ಲಿ ಇಂಥದೊಂದು ಪಟ ಕಪಾಟಿನೊಳಗೆ ಅಡಗಿಸಿಡದ ಮನೆ ಕಡಿಮೆ.

ಮೊದಲು ತಪ್ಪಿನ ಮಾತು. 16 ಸಾಲು ಸ್ಟುಡಿಯೋದವನನ್ನು ಬೈದಿದ್ದೀರಿ. ನಮ್ಮ ದೇಶದಲ್ಲೇ ಮಾಡಿಸುವ ದೊಡ್ಡವರ ಪಾಸ್‌ಪೋರ್ಟಿಗೆ ಅವನ ಕೆಲಸವೇ ಇಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೌಂಟರಿನಲ್ಲಿ ಬೆರಳಚ್ಚು ತೆಗೆದುಕೊಳ್ಳುವವರೇ ಫೋಟೋವನ್ನೂ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳದಾದರೆ ಮಾತ್ರ ಬಿಳಿ ಹಿನ್ನೆಲೆಯ 4.5×3.5 ಸೆಂ.ಮೀ. ಫೋಟೋ ಒಯ್ಯಬೇಕು. ಸ್ಟುಡಿಯೋ ಬೇಕೇ ಬೇಕೆಂದರೆ ಆ ಮಗುವನ್ನೇ ಹಿಡಿಯಿರಿ: ಬಿಳಿ ಬಟ್ಟೆಯ ಮುಂದೆ ಕೂರದ, ಕೂತರೆ ಕಣ್ಣು ಬಿಡದ, ಬಿಟ್ಟರೆ ಬಾಯಿ ಮುಚ್ಚದ ಮಗು. ನಿಮ್ಮ ಮುಖಕ್ಕಿಂತ ಅದರಲ್ಲಿ ನಗು ಹೆಚ್ಚು ಇದೆ. (ಬೇಸರಿಸಬೇಡಿ.)

ಇನ್ನು, ಪಟ ಯಾಕೆ ಕೆಡುತ್ತದೆ ಎಂಬುದು ಕವನದಲ್ಲಿ ಎಲ್ಲೂ ಇಲ್ಲ. ಕನ್ನಡಿಯಲ್ಲಿ ನಾವು ದಿನಾ ಕಾಣುವುದು ಎಡಬಲ ತಿರುಗಿದ ಮುಖ. ಪಟದಲ್ಲಿ ಬೈತಲೆ ಆಚೆ ಬದಿಗೆ ಹೋಗಿರುತ್ತದೆ, ಆದ್ದರಿಂದಲೇ ಪರಕೀಯ. ಕ್ಯಾಮೆರಾ ತೀರಾ ಹತ್ತಿರ ಬಂದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿಯುತ್ತದೆ. ಕನ್ನಡಕ ತೆಗೆಯಬೇಕು, ಹಲ್ಲು ಕಾಣಿಸಬಾರದು. ಯಂತ್ರ ಮುಖ ಗುರುತಿಸುವುದಕ್ಕೆ ನಗು ಅಡ್ಡಿ. ‘ಕರಾಳ ಮುಖ’, ‘ಭೀಕರ ರೂಪ’ ಎಂದು ಬರೆದಲ್ಲೆಲ್ಲ ಇವುಗಳಲ್ಲಿ ಒಂದೊಂದನ್ನು ಕೂರಿಸಿ ನೋಡಿ.

ಲಯಕ್ಕೆ ಬರೋಣ. ನಿಮ್ಮ ಮೊದಲೆರಡು ಸಾಲು:

ಪಾಸ್‌ಪೋರ್ಟಿನ ಫೋಟೋದಲ್ಲಿ ಕಂಡ ಮುಖ ಯಾರದೋ
ಕಳ್ಳನದೊ ಸುಳ್ಳನದೊ ಜೇಲು ಕಂಡವನದೋ

ಎರಡನೆಯದು ಐದು ಮಾತ್ರೆಯ (ಮಾತ್ರೆ ಎಂದರೆ ಉಚ್ಚಾರದ ಕಾಲದ ಅಳತೆ) ನಾಲ್ಕು ಗಣಗಳಲ್ಲಿ, ಅಂದರೆ ಗುಂಪುಗಳಲ್ಲಿ, ಸಲೀಸಾಗಿ ಓಡುತ್ತದೆ. ಮೊದಲನೆಯದು ಹೊರಡುವಾಗಲೇ ಎಡವಿದೆ. ಎಳೆದು ಹೇಳುವ ಅಥವಾ ಒತ್ತಕ್ಷರದ ಹಿಂದೆ ಬರುವ ಗುರುವಿಗೆ ಎರಡು, ಉಳಿದ ಲಘುವಿಗೆ ಒಂದು ಎಂದು ಎಣಿಸಿ: ‘ಪಾಸ್‌ಪೋರ್ಟಿನ’ ಆರು, ‘ಫೋಟೋದಲ್ಲಿ’ ಏಳು. ಹತ್ತು ಇರಬೇಕಾದಲ್ಲಿ ಹದಿಮೂರು. ಯಕ್ಷಗಾನ ತಾಳಮದ್ದಳೆ ಕೇಳಿ ಬೆಳೆದ ಕಿವಿಗಳು ನಮ್ಮ ಓದುಗರವು, ಬಿಡುವುದಿಲ್ಲ. ಪಟ ಎಂಬ ನಮ್ಮೂರ ಮಾತು ಇದೆಯಲ್ಲ? ‘ಪಾಸ್‌ಪೋರ್ಟು ಪಟದಲ್ಲಿ’ ಎನ್ನಿ. ಐದು, ಐದು. ಮುಗಿಯಿತು.

ಸಾಲುಸಾಲಿನ ಎರಡನೆಯ ಅಕ್ಷರ ಹೊಂದಿಸುವ ಆದಿಪ್ರಾಸಕ್ಕಾಗಿ ‘ಬೆಚ್ಚಿ’, ‘ಹುಚ್ಚಿ’, ‘ಕಚ್ಚಿ’ ಎಂದು ಒದ್ದಾಡಿದ್ದೀರಿ. ಮಂಜೇಶ್ವರದ ಕವಿ ಗೋವಿಂದ ಪೈಗಳು 1911ರಲ್ಲೇ ಅದನ್ನು ಬಿಟ್ಟು ಬರೆದರು. ನಿಮಗೇಕೆ ಆ ಹೊರೆ? ಕೊನೆಯ ಪ್ರಾಸ ಮಾತ್ರ ಬಿಡಬೇಡಿ, ನಗೆಗವನದಲ್ಲಿ ನಗು ಕೂರುವ ಜಾಗ ಅದು. ನಿಮ್ಮ ಕೊನೆಯ ಸಾಲಿನಲ್ಲಿ ‘ನಗು’ ನಡುವೆ ಬಂದು, ಆಮೇಲೆ ‘ಎಂದು ನನಗನಿಸಿತು’ ಎಂಬ ಬಾಲ ಉಳಿದಿದೆ. ದೊಡ್ಡವರ ಪಾಸ್‌ಪೋರ್ಟಿನ ಅವಧಿ ಹತ್ತು ವರ್ಷ ಎಂಬುದನ್ನು ಬಳಸಿಕೊಂಡರೆ ಹೀಗಾದೀತು:

ನಗಬೇಡಿ ಎಂದೆನ್ನ ಬಾಯಿ ಮುಚ್ಚಿಸಿದರು
ಹತ್ತು ವರ್ಷದವರೆಗೆ ಕಂಡವರು ನಗುವರು

ಇದು ಮಾದರಿ ಅಷ್ಟೆ, ಹೀಗೆಯೇ ಇಳಿಸಬೇಡಿ. 24 ಸಾಲನ್ನು ಎಂಟಕ್ಕೆ ತನ್ನಿ. ಜೋರಾಗಿ ಓದಿ, ಉಸಿರು ಸಿಕ್ಕಿಕೊಂಡ ಕಡೆ ಗುರುತು ಹಾಕಿ, ತಿದ್ದಿ ಕಳಿಸಿ.

ಅಂದ ಹಾಗೆ, ಕವನದ ಜತೆ ನಿಮ್ಮದೊಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಇಟ್ಟಿದ್ದೀರಿ. ಕವನ ಹೇಳುವಷ್ಟು ಕೆಟ್ಟದಾಗೇನೂ ಇಲ್ಲ. ಹಲ್ಲೂ ಕಾಣುತ್ತಿದೆ.