ಸ್ಪೇರ್ ಇಟ್ಟುಕೊಂಡರೆ ತಪ್ಪೇನು?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಮೈಕ್ರೋ ಎಲ್‌ಇಡಿ ಪರದೆಗಳ, ಅಂದರೆ ಪುಟಾಣಿ ಎಲ್‌ಇಡಿ ದೀಪಗಳನ್ನೇ ಜೋಡಿಸಿ ಮಾಡುವ ಪರದೆಗಳ, ಬಗ್ಗೆ ಬರೆದಿದ್ದೀರಿ. ಒಂದೊಂದು ಬಣ್ಣದ ಚುಕ್ಕಿಗೂ ಎರಡೆರಡು ಎಲ್‌ಇಡಿ ಕೂರಿಸುತ್ತಾರಂತೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಇದು ಕಳಪೆ ಕೆಲಸಕ್ಕೆ ಹಾಕಿದ ತೇಪೆ ಅಲ್ವಾ? ನಾನು ಟರ್ನರ್ ಆಗಿ ದುಡಿದು ನಿವೃತ್ತನಾದವನು. ದೋಷವಿದ್ದ ಒಂದು ಬೋಲ್ಟೂ ನಮ್ಮ ಗೇಟು ದಾಟುತ್ತಿರಲಿಲ್ಲ. ಹೆಸರು ಹಾಕಬೇಡಿ. ಕೊನೆಗೊಂದು ಪ್ರಶ್ನೆ: ಪರದೆ ಕೊಂಡ ಮೇಲೆ ಚುಕ್ಕಿ ಕೆಟ್ಟರೆ ಏನು ಗತಿ?

ಸಂಪಾದಕರ ಉತ್ತರ: ಸ್ವಾಮಿ, ಹೆಸರು ಹಾಕಿಲ್ಲ. ಪತ್ರ ಮಾತ್ರ ಹಾಕಿದ್ದೇನೆ. ಈ ವಿಷಯದಲ್ಲಿ ಯಾರಾದರೂ ಜಗಳಕ್ಕೆ ಬರಲಿ ಅಂತ ಕಾಯುತ್ತಲೇ ಇದ್ದೆ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ಎಲ್‌ಇಡಿ ಎರಡಾದರೆ ಖರ್ಚು ಜಾಸ್ತಿ. ಸ್ಪೇರ್ ಇದೆಯಲ್ಲ ಅಂತ ಕೈ ಸಡಿಲ ಬಿಡುವವರೂ ಇರುತ್ತಾರೆ. ಒಪ್ಪಿದೆ. ಈಗ ಲೆಕ್ಕಕ್ಕೆ ಬನ್ನಿ.

4ಕೆ ಪರದೆಯೊಂದರಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ. ಹತ್ತಿರ ಹತ್ತಿರ 2.5 ಕೋಟಿ ಎಲ್‌ಇಡಿ ಆಯಿತು. ಇವು ಪರದೆಯ ಮೇಲೇ ಹುಟ್ಟುವುದಿಲ್ಲ. ಬೇರೆ ವೇಫರ್ (ಸ್ಫಟಿಕದ ತೆಳು ಬಿಲ್ಲೆ) ಮೇಲೆ ಬೆಳೆಸಿ, ಕಿತ್ತು ತಂದು ಕೂರಿಸಬೇಕು. ಎಷ್ಟೋ ಸಲ ಒಂದೊಂದೂ ಕೂದಲೆಳೆಗಿಂತ ಸಣ್ಣದು. ನಿಮ್ಮ ಬೋಲ್ಟು ಕೆಟ್ಟರೆ ಬುಟ್ಟಿಗೆ ಎಸೆಯುತ್ತಿದ್ದಿರಿ, ಉಳಿದವಕ್ಕೆ ಏನೂ ಆಗುತ್ತಿರಲಿಲ್ಲ. ಇಲ್ಲಿ 2.5 ಕೋಟಿಯೂ ಸೇರಿ ಒಂದೇ ಮಾಲು.

ಹತ್ತು ಸಾವಿರಕ್ಕೆ ಒಂದು ಕೆಡುತ್ತದೆ ಎನ್ನಿ. ಅಷ್ಟಕ್ಕೆ ನಿಮ್ಮ ಫೋರ್‌ಮನ್ ಬೆನ್ನು ತಟ್ಟುತ್ತಿದ್ದರೇನೋ. ಪರದೆಯಲ್ಲಿ ಅದು 2,500 ಸತ್ತ ಚುಕ್ಕಿ! ಹತ್ತು ಲಕ್ಷಕ್ಕೆ ಒಂದಕ್ಕೆ ಇಳಿಸಿದರೂ 25 ಉಳಿಯುತ್ತವೆ. ಈಗ ಆ ಮೊದಲಿನ ಸಾಧಾರಣ ಎಲ್‌ಇಡಿಗಳನ್ನೇ ಜೋಡಿಯಾಗಿ ಇಡಿ. ಜೋಡಿಯ ಎರಡೂ ಕೆಡುವುದು ಹತ್ತು ಕೋಟಿಗೆ ಒಂದು ಸಲ. ನಾಲ್ಕು ಪರದೆ ಮಾಡಿದರೆ ಸರಾಸರಿ ಒಂದು ಚುಕ್ಕಿ. ಆದರೆ ಒಂದರ ಕೇಡು ಇನ್ನೊಂದಕ್ಕೆ ಅಂಟಬಾರದು. ಒಂದೇ ಸಲಕ್ಕೆ ಎರಡನ್ನೂ ಕೂರಿಸುವಾಗ ಯಂತ್ರ ಅಲುಗಿದರೆ ಜೋಡಿಗೆ ಜೋಡಿಯೇ ಹೋಯಿತು.

ಜೋಡಿಸುವುದರಲ್ಲೂ ಕಸುಬಿದೆ. ಎಲ್‌ಇಡಿ ಎರಡು ಥರ ಕೆಡುತ್ತದೆ. ಓಪನ್ ಆದರೆ ಕರೆಂಟ್ ಹರಿಯುವುದೇ ಇಲ್ಲ. ಶಾರ್ಟ್ ಆದರೆ ಬೆಳಕು ಕೊಡದೆ ಸುಮ್ನೆ ಹರಿದುಹೋಗುತ್ತದೆ. ಜೋಡಿಯನ್ನು ಪ್ಯಾರಲಲ್ ಆಗಿ, ಅಂದರೆ ಕರೆಂಟ್ ಎರಡಕ್ಕೂ ಹಂಚಿಹೋಗುವ ಹಾಗೆ, ಕಟ್ಟಿದ್ದರೆ, ಒಂದು ಓಪನ್ ಆದಾಗ ಇನ್ನೊಂದು ಅದರ ಪಾಲಿನ ಕರೆಂಟನ್ನೂ ತಗೊಂಡು ಉರಿಯುತ್ತದೆ. ಶಾರ್ಟ್ ಆದರೆ ಕೆಟ್ಟದ್ದೇ ಎಲ್ಲ ಕರೆಂಟನ್ನೂ ನುಂಗಿ ಒಳ್ಳೆಯದನ್ನೂ ಆರಿಸಿಬಿಡುತ್ತದೆ. ಆಗ ಲೇಸರ್ ಹಿಡಿದು ಅದರ ಸಂಪರ್ಕ ಕತ್ತರಿಸಬೇಕು. ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು, ಕಟ್ಟಿದರೆ ಎಲ್ಲ ಉಲ್ಟಾ: ಶಾರ್ಟ್ ತಡೆದುಕೊಳ್ಳುತ್ತದೆ, ಓಪನ್ ಆದರೆ ಎರಡೂ ಕತ್ತಲು. ಅಂದರೆ ತನ್ನ ಮಾಲು ಯಾವ ಥರ ಜಾಸ್ತಿ ಕೆಡುತ್ತದೆ ಅಂತ ಮೊದಲೇ ತಿಳಿದವನು ಮಾತ್ರ ಇದನ್ನು ಸರಿಯಾಗಿ ಕಟ್ಟಬಲ್ಲ. ಇದನ್ನು ತೇಪೆ ಅನ್ನುತ್ತೀರಾ? ಲೇತ್ ಮುಂದೆ ನಿಂತವರು ನೀವು, ಹಾಗೆ ಅನ್ನಬಾರದು.

ಇನ್ನು ಕಣ್ಣಿನ ವಿಷಯ. ಟಿವಿ ಚಿತ್ರದ ಬಿಳಿ ಬೆಳಕಿನಲ್ಲಿ ಸುಮಾರು ಶೇ. 72 ಹೊಳಪು ಹಸಿರಿನದು, ನೀಲಿಯದು ಬರೀ ಶೇ. 7. ಹಸಿರು ಚುಕ್ಕಿ ಸತ್ತರೆ ಎದ್ದು ಕಾಣುತ್ತದೆ, ನೀಲಿ ಸತ್ತರೆ ಹುಡುಕಬೇಕು. ಸ್ಪೇರ್‌ಗೆ ಜಾಗ ಕಡಿಮೆ ಇದ್ದರೆ ಮೊದಲು ಯಾರಿಗೆ ಕೊಡಬೇಕು, ನೀವೇ ಹೇಳಿ. ಅಷ್ಟೇ ಏಕೆ, ನಮ್ಮ ಒಂದೊಂದು ಕಣ್ಣಲ್ಲೂ ನರ ಹೊರಗೆ ಹೋಗುವ ಕಡೆ ಏನೂ ಕಾಣದ ಜಾಗವೊಂದಿದೆ. ಅದನ್ನು ಮಿದುಳು ಸುತ್ತಲಿನದರಿಂದ ತುಂಬಿಕೊಳ್ಳುತ್ತದೆ. ಕ್ಯಾಮೆರಾಗಳೂ ಅಷ್ಟೇ, ಸತ್ತ ಪಿಕ್ಸೆಲ್‌ನ ಜಾಗವನ್ನು ನೆರೆಹೊರೆಯವುಗಳಿಂದ ತುಂಬುತ್ತವೆ.

1940ರ ದಶಕದ ಕೊನೆಯಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ತಮ್ಮ ಲೆಕ್ಕಗಳನ್ನು ವಾರದ ಕೊನೆಗೆ ರಿಲೇ (ವಿದ್ಯುತ್ತಿನಿಂದ ಆಡುವ ಸ್ವಿಚ್) ಕಂಪ್ಯೂಟರ್‌ಗೆ ಹಾಕಿ ಹೋಗುತ್ತಿದ್ದರು. ನೋಡಿಕೊಳ್ಳಲು ಜನ ಇಲ್ಲ. ಎಲ್ಲೋ ತಪ್ಪಾದರೆ ಯಂತ್ರಕ್ಕೆ ಅದು ಗೊತ್ತಾಗುತ್ತಿತ್ತು, ಆದರೆ ಆ ಲೆಕ್ಕ ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ವಾಪಸ್ ಬಂದು ನೋಡಿದರೆ ಕೆಲಸ ಆಗಿಲ್ಲ. ಬೇರೆಯವರಾಗಿದ್ದರೆ ಒಳ್ಳೆ ರಿಲೇ ತನ್ನಿ ಅಂತ ಕೂಗಾಡುತ್ತಿದ್ದರು. ತಪ್ಪಾಗಿದೆ ಅಂತ ತಿಳಿಯುವ ಯಂತ್ರಕ್ಕೆ ಎಲ್ಲಿ ತಪ್ಪಿದೆ ಅಂತ ಯಾಕೆ ತಿಳಿಯಬಾರದು ಎಂದು ಹ್ಯಾಮಿಂಗ್ ಯೋಚಿಸಿದರು. ಒಂದಷ್ಟು ಬಿಟ್‌ಗಳನ್ನು (0 ಅಥವಾ 1 ಎಂಬ ಅಂಕಿ) ಹೆಚ್ಚಿಗೆ ಸೇರಿಸಿ, ತಪ್ಪನ್ನು ತಾನೇ ತಿದ್ದುವ ಕೋಡ್ ಮಾಡಿ 1950ರಲ್ಲಿ ಪ್ರಕಟಿಸಿದರು. ಆ ಹೆಚ್ಚಿನ ಬಿಟ್‌ಗಳೂ ಸ್ಪೇರೇ ತಾನೆ? ಮೆಮೊರಿ ಚಿಪ್‌ಗಳಲ್ಲಿ ಹೆಚ್ಚಿನ ಸಾಲುಗಳಿರುತ್ತವೆ, ಹಾರ್ಡ್ ಡಿಸ್ಕ್‌ನಲ್ಲಿ ಹೆಚ್ಚಿನ ಸೆಕ್ಟರ್‌ಗಳು. ಅವನ್ನು ಯಾರೂ ತೇಪೆ ಅನ್ನುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲವಲ್ಲ!

ನನಗೆ ಸಿಟ್ಟು ಬರುವುದು ಇಲ್ಲೇ. ಈಗ ಎಲ್ಲಿ ನೋಡಿದರೂ ಹೆಚ್ಚಿಗೆ ಇರುವುದೆಲ್ಲ ದಂಡ. ಇಬ್ಬರು ಮಾಡುವ ಕೆಲಸಕ್ಕೆ ಒಬ್ಬನೇ ಸಾಕು ಅನ್ನುತ್ತಾರೆ. ಆ ಒಬ್ಬನಿಗೆ ಜ್ವರ ಬಂದ ದಿನ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ, ಬೈಸಿಕೊಳ್ಳುವವನೂ ಅವನೇ. ಒಂದು ರೈಲು ತಡವಾದರೆ ಹಿಂದಿನವೆಲ್ಲ ತಡ, ಯಾಕೆಂದರೆ ವೇಳಾಪಟ್ಟಿಯಲ್ಲಿ ಸಾಕಷ್ಟು ಸಡಿಲ ಬಿಟ್ಟಿಲ್ಲ. ಪತ್ರಿಕೆಗಳಲ್ಲಿ ಎರಡನೇ ಕಣ್ಣು ಹಾಯಿಸಲು ಒಬ್ಬ ಕರಡು ತಿದ್ದುವವನನ್ನು ಕೇಳಿದರೆ, ಮೊದಲನೆಯವನೇ ಸರಿಯಾಗಿ ತಿದ್ದಲಿ ಅನ್ನುವ ಉತ್ತರ ಬರುತ್ತದೆ. ಥೇಟ್ ನಿಮ್ಮ ಪತ್ರದ ಮಾತು, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕೊನೆಯ ಪ್ರಶ್ನೆ ಒಳ್ಳೆಯದು. ಕೆಲವು ವಿನ್ಯಾಸಗಳಲ್ಲಿ ಜೋಡಿ ಇಡದೆ ಪಕ್ಕದಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಪರೀಕ್ಷೆಯಲ್ಲಿ ಕೆಟ್ಟದ್ದು ಸಿಕ್ಕಿದ ಕಡೆ ಮಾತ್ರ ಹೊಸದು ಕೂರಿಸುತ್ತಾರೆ. ಇದು ಅಗ್ಗ, ಆದರೆ ಮನೆಗೆ ಬಂದ ಮೇಲೆ ಆ ಖಾಲಿ ಜಾಗದಿಂದ ನಿಮಗೆ ಉಪಯೋಗವಿಲ್ಲ. ಪ್ಯಾರಲಲ್ ಜೋಡಿ ಇದ್ದರೆ ಆಮೇಲೆ ಒಂದು ಓಪನ್ ಆದರೂ ಇನ್ನೊಂದು ಉರಿಯುತ್ತದೆ. ಗೋಡೆಯಷ್ಟು ದೊಡ್ಡ ಪರದೆಗಳನ್ನು ಸಣ್ಣ ಸಣ್ಣ ಹಲಗೆಗಳಿಂದ ಜೋಡಿಸಿರುವುದರಿಂದ ಕೆಟ್ಟ ಹಲಗೆಯನ್ನಷ್ಟೇ ಬದಲಿಸಬಹುದು. ಕೊಳ್ಳುವಾಗ ಇದು ಯಾವ ಥರದ್ದು ಅಂತ ಕೇಳಿ. ಮಾರುವವನಿಗೆ ಗೊತ್ತಿರಲಿಕ್ಕಿಲ್ಲ, ಆದರೂ ಕೇಳಿ.