ಡಚ್ ಕಣ್ಕಟ್ಟು ಚಿತ್ರದ ನಕಲು ಬರೆಸಿದರೆ ಅದು ಮೂಲದ ಹಾಗೆಯೇ ಕಣ್ಣನ್ನು ಮೋಸಗೊಳಿಸುತ್ತದೆಯೇ?

ಮೋಸಗೊಳಿಸುತ್ತದೆ, ಅಳತೆ ಬದಲಾಯಿಸದಿದ್ದರೆ. ಸೋಫಾದ ಹಿಂದಿನ ಖಾಲಿ ಗೋಡೆಗೆ ಐದು ಅಡಿ ಅಗಲದಲ್ಲಿ ಹದಿನೇಳನೇ ಶತಮಾನದ 'ಪತ್ರ ಸಿಕ್ಕಿಸಿದ ಹಲಗೆ'ಯ ಚಿತ್ರವನ್ನು ಬರೆಸಬೇಕೆಂದಿದ್ದೀರಿ. ಮಾರುವವರು 'ಕೈಯಿಂದಲೇ ಬರೆದದ್ದು' ಎನ್ನುವುದನ್ನು ನಂಬಬಹುದೇ ಎಂದೂ ಕೇಳಿದ್ದೀರಿ. ಹಳೆಯ ತೈಲಚಿತ್ರಗಳ ನಕಲು ಮಾಡಿಕೊಡುವುದು ನನ್ನ ಕಸುಬು. ದೊಡ್ಡ ಚಿತ್ರಕ್ಕೆ ಸಂಭಾವನೆಯೂ ದೊಡ್ಡದು. ಆದರೂ ಐದು ಅಡಿ ಬೇಡ ಎನ್ನುತ್ತೇನೆ.

ಬರೆದದ್ದನ್ನು ನಿಜವಾದ ವಸ್ತುವೆಂದೇ ನಂಬಿಸುವ ಈ ಕಣ್ಕಟ್ಟು ಚಿತ್ರಗಳ ಕಸರತ್ತು ನಿಂತಿರುವುದೇ ಅಳತೆಯ ಮೇಲೆ. ಡೋರ್ಡ್ರೆಕ್ಟ್ ಊರಿನ, ರೆಂಬ್ರಾಂಟ್‌ನ ಶಿಷ್ಯನಾಗಿದ್ದ ಸ್ಯಾಮುಯೆಲ್ ಫಾನ್ ಹೋಗ್‌ಸ್ಟ್ರಾಟೆನ್ ಬರೆದ ಹಲಗೆಗಳನ್ನು ನೋಡಿ: ಅಡ್ಡಲಾಗಿ ಬಿಗಿದ ಚರ್ಮದ ಪಟ್ಟಿಗಳು, ಅವುಗಳ ಹಿಂದೆ ಸಿಕ್ಕಿಸಿದ ಕಾಗದಗಳು, ಒಂದು ಬಾಚಣಿಗೆ, ಗರಿಯ ಲೇಖನಿ, ಅರಗಿನ ಕಡ್ಡಿ. ಎಲ್ಲವೂ ನಿಜವಾದ ವಸ್ತುವಿನ ಗಾತ್ರದಲ್ಲೇ ಇವೆ. ಬಾಚಣಿಗೆ ಮೊಳದುದ್ದವಾದ ಕ್ಷಣ ಕಣ್ಣು ಎಚ್ಚರಗೊಳ್ಳುತ್ತದೆ. ಇನ್ನೊಂದು ವಿಷಯ, ಅಲ್ಲಿ ಯಾವುದೂ ಹಲಗೆಯಿಂದ ಒಂದೆರಡು ಬೆರಳಿಗಿಂತ ಹೆಚ್ಚು ಮುಂದೆ ಚಾಚುವುದಿಲ್ಲ. ನಮ್ಮ ಎರಡು ಕಣ್ಣುಗಳು ಒಟ್ಟಾಗಿ ಆಳವನ್ನು ಅಳೆಯುತ್ತವೆ; ಆಳ ಕಡಿಮೆಯಿದ್ದಷ್ಟೂ ಅವುಗಳನ್ನು ಯಾಮಾರಿಸುವುದು ಸುಲಭ. ಅದಕ್ಕೇ ಈ ಚಿತ್ರಕಾರರು ಹಲಗೆ, ಪರದೆ, ಬೀರುವಿನ ಬಾಗಿಲು ಇಂಥವನ್ನೇ ಹುಡುಕಿಕೊಂಡು ಹೋದರು. ಹೇಡ, ಕಾಲ್ಫ್ ಮುಂತಾದ ಡಚ್ ಚಿತ್ರಕಾರರ ಊಟದ ಮೇಜಿನ ಚಿತ್ರಗಳದ್ದು ಬೇರೆ ಜಾತಿ. ಸಿಪ್ಪೆ ಸುಲಿದ ನಿಂಬೆ, ಬೆಳ್ಳಿಯ ಹೂಜಿ ನೋಡಿ ನಾವು ಬೆರಗಾಗುತ್ತೇವೆ, ಆದರೆ ಕೈಚಾಚುವುದಿಲ್ಲ. ಅವನ್ನು ಬೇಕಾದರೆ ದೊಡ್ಡದು ಮಾಡಿಸಿಕೊಳ್ಳಿ.

ಹೋಗ್‌ಸ್ಟ್ರಾಟೆನ್ 1651ರಲ್ಲಿ ವಿಯೆನ್ನಾದಲ್ಲಿ ಚಕ್ರವರ್ತಿ ಮೂರನೇ ಫರ್ಡಿನಾಂಡನಿಗೆ ತನ್ನ ಚಿತ್ರಗಳನ್ನು ತೋರಿಸಿದ. ಅವುಗಳಲ್ಲಿ ಒಂದು ಸ್ಟಿಲ್ ಲೈಫ್ (ಜೋಡಿಸಿಟ್ಟ ವಸ್ತುಗಳ ಚಿತ್ರ) ಕಂಡು ಚಕ್ರವರ್ತಿ ಮೋಸಹೋದನಂತೆ; ತನ್ನನ್ನು ವಂಚಿಸಿದ್ದಕ್ಕೆ ಶಿಕ್ಷೆಯಾಗಿ ಚಿತ್ರವನ್ನು ಹಿಂದಿರುಗಿಸದೆ ತಾನೇ ಇಟ್ಟುಕೊಂಡನಂತೆ. ಶಿಕ್ಷೆಯ ಜೊತೆಗೆ ಸಿಕ್ಕ ಚಿನ್ನದ ಸರ ಮತ್ತು ಪದಕವನ್ನು ಚಿತ್ರಕಾರ ಮುಂದೆ ತನ್ನ ಹಲಗೆಯ ಚಿತ್ರಗಳಲ್ಲೇ ತೂಗುಹಾಕಿ ಬರೆದ. ಜಂಭಕ್ಕೂ ಒಂದು ಕೈಚಳಕ ಬೇಕು!

ತಮಾಷೆಯೆಂದರೆ, ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿ ಕುಳಿತು ನಕಲು ಮಾಡುವವರು ಮೂಲದ ಅಳತೆಯನ್ನೇ ಬಳಸುವಂತಿಲ್ಲ. ಮುಂದೆ ಯಾರೂ ಅದನ್ನು ಅಸಲಿ ಎಂದು ಮಾರಬಾರದೆಂದು ಈ ನಿಯಮ. ನಿಯಮ ಸರಿಯೇ, ಆದರೆ ಕಣ್ಕಟ್ಟು ಚಿತ್ರಕ್ಕೆ ಅದು ಕುತ್ತು. ಮನೆಯಲ್ಲಿ ಕುಳಿತು ಬರೆಯುವವರಿಗೆ ಆ ಕಟ್ಟುಪಾಡಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ತನ್ನ ಹಳೆಯ ಚಿತ್ರಗಳ ಉತ್ತಮ ಗುಣಮಟ್ಟದ ಛಾಯಾಚಿತ್ರಗಳನ್ನು ಉಚಿತವಾಗಿ ಕೊಡುತ್ತದೆ, ಅಳತೆಯನ್ನೂ ನಮೂದಿಸಿರುತ್ತದೆ.

ಅಳತೆಯ ನಂತರ ಬೆಳಕು. ಡಚ್ ಚಿತ್ರಗಳಲ್ಲಿ ಬಹುಮಟ್ಟಿಗೆ ಎಡಗಡೆಯಿಂದ ಬೆಳಕು ಬಿದ್ದಿರುತ್ತದೆ. ನಿಮ್ಮ ಕಿಟಕಿ ಗೋಡೆಯ ಬಲಕ್ಕಿದ್ದರೆ ಬರೆದ ನೆರಳು ಒಂದು ಕಡೆ, ಕೋಣೆಯ ನೆರಳು ಇನ್ನೊಂದು ಕಡೆ ಬಿದ್ದು ಗುಟ್ಟು ರಟ್ಟಾಗುತ್ತದೆ. ಚಿತ್ರವನ್ನೇ ಎಡಬಲ ತಿರುಗಿಸಿ ಬರೆದುಕೊಡುತ್ತೇವೆ ಎನ್ನುವವರಿದ್ದಾರೆ. ಪತ್ರದ ಮೇಲಿನ ಅಕ್ಷರಗಳೂ ತಿರುಗುಮುರುಗಾಗುತ್ತವೆ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಬೇರೆ ಗೋಡೆ ಹುಡುಕಿ.

ಚಿತ್ರದ ಮೇಲ್ಮೈಯೂ ಮುಖ್ಯ. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿ ಆಭರಣಗಳನ್ನು ಗೆಸ್ಸೊ ಎಂಬ ಲೇಪದಿಂದ ಉಬ್ಬಿಸಿ ಮೇಲೆ ಚಿನ್ನದ ರೇಕು ಅಂಟಿಸುತ್ತಾರಲ್ಲ, ಇಲ್ಲಿ ಅದಕ್ಕೆ ತದ್ವಿರುದ್ಧ. ಬಣ್ಣ ದಪ್ಪಗೆ ನಿಂತರೆ ಅದರದ್ದೇ ನಿಜವಾದ ನೆರಳು ಬಿದ್ದು, ಬರೆದ ನೆರಳನ್ನು ಸುಳ್ಳು ಮಾಡುತ್ತದೆ. ಒರಟು ನೇಯ್ಗೆಯ ಕ್ಯಾನ್ವಾಸ್ ಬೇಡ; ನುಣ್ಣಗೆ ಉಜ್ಜಿದ ಮರದ ಹಲಗೆ ಅಥವಾ ನವಿರು ಲಿನನ್ ಕೇಳಿ. ಹೊಳೆಯುವ ವಾರ್ನಿಷ್ ಕೂಡ ಬೇಡ, ಟ್ಯೂಬ್‌ಲೈಟ್ ಅದರಲ್ಲಿ ಇಣುಕುತ್ತದೆ.

ಹೂವಿನ ಚಿತ್ರವಾದರೆ ಒಂದು ಜಗಳ ಕಾದಿದೆ. ಡಚ್ ಹೂಚಿತ್ರಕಾರ ಯಾನ್ ಫಾನ್ ಹೌಸಮ್‌ನಂಥವರ ಚಿತ್ರಗಳಲ್ಲಿ ಎಲೆಗಳು ಇಂದು ನೀಲಿಯಾಗಿ ಕಾಣುತ್ತವೆ. ನೀಲಿಯ ಜೊತೆ ಸೇರಿ ಹಸಿರಾಗಿದ್ದ, ಸಸ್ಯಗಳಿಂದ ತೆಗೆದ ಹಳದಿ ಬಣ್ಣ ಬೆಳಕಿಗೆ ಮಾಸಿಹೋಗಿ ನೀಲಿಯಷ್ಟೇ ಉಳಿದಿದೆ. ನಕಲಿನಲ್ಲಿ ನೀಲಿ ಎಲೆ ಬರೆಯಬೇಕೋ ಹಸಿರು ಎಲೆಯೋ? ಕಣ್ಣನ್ನು ಮೋಸಗೊಳಿಸಬೇಕಾದರೆ ಹಸಿರೇ ಸರಿ ಎನ್ನುವವನು ನಾನು. ಗಿರಾಕಿಗಳು ಫೋಟೊ ತೋರಿಸಿ ನೀಲಿ ಕೇಳುತ್ತಾರೆ.

ಇನ್ನು 'ಕೈಯಿಂದ ಬರೆದದ್ದು' ಎಂಬ ಮಾತು. ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಅದರ ಮೇಲೆ ಪಾರದರ್ಶಕ ಜೆಲ್‌ನಿಂದ ಕುಂಚದ ಗೆರೆ ಎಳೆದು ಮಾರುವುದುಂಟು. ಚಿತ್ರವನ್ನು ಓರೆಯಾಗಿ ಹಿಡಿದು ನೋಡಿ: ಗೆರೆಗಳು ಕಾಗದದ ಅಂಚು, ಬಾಚಣಿಗೆಯ ಹಲ್ಲುಗಳನ್ನು ಅನುಸರಿಸದೆ ತಮ್ಮ ಪಾಡಿಗೆ ಓಡಿದ್ದರೆ ಅನುಮಾನಿಸಿ. ಭೂತಗನ್ನಡಿಯಡಿ ಸಣ್ಣ ಬಣ್ಣದ ಚುಕ್ಕೆಗಳು ಕಂಡರೆ ಮುದ್ರಣವೇ. ಬರೆಯುವ ನಡುವಿನ ಹಂತಗಳ ಫೋಟೊ ಕೊಡಿ ಎಂದರೆ ನಿಜವಾಗಿ ಬರೆಯುವವರು ಸಂತೋಷದಿಂದ ಕೊಡುತ್ತಾರೆ.

ನನ್ನನ್ನು ಕೇಳಿದರೆ, ಹಲಗೆಯ ಚಿತ್ರಕ್ಕಿಂತ ಕೊರ್ನೇಲಿಸ್ ಗೈಸ್‌ಬ್ರೆಕ್ಟ್ಸ್ 1670ರಲ್ಲಿ ಬರೆದ 'ಚಿತ್ರದ ಹಿಂಬದಿ' ಬರೆಸಿ. ಆತ ಡಚ್ ಅಲ್ಲ, ಈಗಿನ ಬೆಲ್ಜಿಯಂನ ಆಂಟ್‌ವರ್ಪ್ ಕಡೆಯವನು, ಡೆನ್ಮಾರ್ಕಿನ ಆಸ್ಥಾನದಲ್ಲಿದ್ದ. ಚಿತ್ರ ಈಗ ಕೋಪನ್‌ಹೇಗನ್‌ನಲ್ಲಿದೆ. ಸುಮಾರು 66 ಸೆಂಟಿಮೀಟರ್ ಎತ್ತರ, 87 ಅಗಲ. ಕಾಣುವುದು ಇಷ್ಟೇ: ಕಂದು ಕ್ಯಾನ್ವಾಸಿನ ಬೆನ್ನು, ಮರದ ಚೌಕಟ್ಟು, ಸಣ್ಣ ಮೊಳೆಗಳು, ಅರಗಿನಿಂದ ಅಂಟಿಸಿದ, '36' ಎಂದು ಬರೆದ ಚೀಟಿ. ಚೌಕಟ್ಟು ಹಾಕಿಸಬೇಡಿ, ನೇತುಹಾಕಲೂ ಬೇಡಿ. ಗೋಡೆಗೆ ಒರಗಿಸಿ ನೆಲದ ಮೇಲಿಡಿ. ಬಂದವರು ಮುಂಬದಿ ನೋಡಲು ಅದನ್ನು ತಿರುಗಿಸಿಯೇ ತಿರುಗಿಸುತ್ತಾರೆ. ನಿಜವಾದ ಹಿಂಬದಿಯಲ್ಲಿ ನಕಲು ಮಾಡಿದವರ ಹೆಸರು, ಇಸವಿ ಬರೆಸಿಕೊಳ್ಳಿ.