ನರ್ಸ್ ಆಗಿ ದಿನನಿತ್ಯ ಎದುರಾಗುವ ಕಷ್ಟಗಳೇನು, ಸಿಗುವ ತೃಪ್ತಿ ಎಂಥದ್ದು?

ನಿಮ್ಮ ತಂಗಿ ನರ್ಸಿಂಗ್ ಸೇರಬೇಕೆಂದಿದ್ದಾರೆ, ಮನೆಯಲ್ಲಿ ಒಬ್ಬರು ಅದನ್ನು ಪುಣ್ಯದ ಕೆಲಸ ಎಂದರೆ ಇನ್ನೊಬ್ಬರು ಹೇಸಿಗೆಯ ಕೆಲಸ ಎನ್ನುತ್ತಿದ್ದಾರೆ, ನಿಜಕ್ಕೂ ದಿನ ಹೇಗೆ ಕಳೆಯುತ್ತದೆ ಎಂದು ಕೇಳಿದ್ದೀರಿ. ಬಹಳ ವರ್ಷಗಳಿಂದ ವಾರ್ಡಿನಲ್ಲಿ ದುಡಿಯುತ್ತಿರುವ ನನಗೆ ಈ ಎರಡೂ ಮಾತುಗಳು ದೂರದಿಂದ ನೋಡಿದವರ ಮಾತುಗಳಂತೆ ಕೇಳಿಸುತ್ತವೆ. ಮಲಮೂತ್ರ, ವಾಂತಿ, ಕೀವುಗಳ ಬಗೆಗಿನ ಅಸಹ್ಯ ವಿದ್ಯಾರ್ಥಿ ದೆಸೆಯಲ್ಲೇ ಬಹುಮಟ್ಟಿಗೆ ಕಳೆದುಹೋಗುತ್ತದೆ. ಕಳೆಯದೆ ಉಳಿಯುವ ಕಷ್ಟವೆಂದರೆ ಹತ್ತು ಕಡೆಯಿಂದ ಕರೆಯುವ ವಾರ್ಡಿನಲ್ಲಿ ಗಮನವನ್ನು ಚದುರಗೊಡದೆ ಇಟ್ಟುಕೊಳ್ಳುವುದು. ಈ ಕೆಲಸವನ್ನು ಚೆನ್ನಾಗಿ ಮಾಡಿದಾಗ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮತ್ತು ಆಗದೇ ಹೋದ ಅನಾಹುತವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಔಷಧ ಕೊಡುವ ಹೊತ್ತನ್ನೇ ನೋಡಿ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ಅಂಶಗಳನ್ನು ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸುತ್ತಾರೆ. ಸದ್ದಿಲ್ಲದ ಕೋಣೆಯಲ್ಲಿ ಇವನ್ನು ಪಾಲಿಸುವುದು ಯಾರಿಗೂ ಕಷ್ಟವಲ್ಲ. ಆದರೆ ಟ್ರಾಲಿ ತಳ್ಳಿಕೊಂಡು ಹೊರಟ ನರ್ಸ್‌ಗೆ ಒಬ್ಬರು ಡ್ರಿಪ್ ಮುಗಿಯಿತೆಂದು ಹೇಳುತ್ತಾರೆ, ಇನ್ನೊಬ್ಬರು ಬೆಡ್ ಪ್ಯಾನ್ ಬೇಕೆನ್ನುತ್ತಾರೆ, ಡಾಕ್ಟರ್ ನಿನ್ನೆಯ ರಕ್ತಪರೀಕ್ಷೆಯ ವರದಿ ಎಲ್ಲಿ ಎಂದು ಕೇಳುತ್ತಾರೆ, ಅಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಆಗ ಆ ನರ್ಸ್ ಕೈಯಲ್ಲಿರುವುದು ಇನ್ಸುಲಿನ್ ಆಗಿರಬಹುದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಆಗಿರಬಹುದು, ಪೊಟ್ಯಾಸಿಯಂ ಕ್ಲೋರೈಡ್ ಆಗಿರಬಹುದು. ದ್ರಾವಣದಲ್ಲಿ ಬೆರೆಸಿ ನಿಧಾನವಾಗಿ ಹರಿಸಬೇಕಾದ ಪೊಟ್ಯಾಸಿಯಂ ಅನ್ನು ಹಾಗೆಯೇ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತುಹೋಗುತ್ತದೆ. ಇಂಥ ಔಷಧಗಳನ್ನು ಇಬ್ಬರು ನರ್ಸ್‌ಗಳು ಪ್ರತ್ಯೇಕವಾಗಿ ಪರಿಶೀಲಿಸಬೇಕೆಂಬ ನಿಯಮ ಇರುವುದು ಈ ಕಾರಣಕ್ಕೇ. ಔಷಧ ತುಂಬಿಸುತ್ತಿರುವವರನ್ನು ಮಾತನಾಡಿಸಬಾರದೆಂಬ ಶಿಸ್ತು ಪ್ರತಿಯೊಂದು ವಾರ್ಡಿನಲ್ಲೂ ಇರಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. 'ಒಂದು ನಿಮಿಷ ತಾಳಿ' ಎಂದದ್ದಕ್ಕೆ ಸೊಕ್ಕಿನವರೆಂಬ ಹೆಸರು ಬಂದರೆ ಅದನ್ನು ಸಹಿಸಿಕೊಳ್ಳಬೇಕಾಗುತ್ತದೆ.

ರೋಗಿಯನ್ನು ಗಮನವಿಟ್ಟು ನೋಡುವ ಕೆಲಸ ಎಂದರೇನು ಎಂಬುದನ್ನು ಉಸಿರಾಟದ ಉದಾಹರಣೆಯಿಂದ ಹೇಳುತ್ತೇನೆ. ನಾಡಿ, ರಕ್ತದೊತ್ತಡ, ಆಮ್ಲಜನಕದ ಮಟ್ಟಗಳನ್ನು ಯಂತ್ರ ತಾನೇ ತೋರಿಸುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಉಸಿರನ್ನು ಮಾತ್ರ ಇಂದಿಗೂ ಕಣ್ಣಿನಿಂದಲೇ ಎಣಿಸಬೇಕು. ಎಣಿಸುತ್ತಿರುವುದು ರೋಗಿಗೆ ತಿಳಿದರೆ ಅವರ ಉಸಿರಿನ ಲಯವೇ ಬದಲಾಗುವುದರಿಂದ, ನಾಡಿ ನೋಡುವವರಂತೆ ಮಣಿಕಟ್ಟನ್ನು ಹಿಡಿದುಕೊಂಡು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಗಮನಿಸಬೇಕು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕರಲ್ಲಿ ಈ ಸಂಖ್ಯೆ ನಿಮಿಷಕ್ಕೆ 12ರಿಂದ 20ರ ಒಳಗಿರುತ್ತದೆ. ಕೆಲಸದ ಒತ್ತಡದಲ್ಲಿ ಆ ನಿಮಿಷವನ್ನು ಉಳಿಸಲು ಎಲ್ಲ ಚಾರ್ಟುಗಳಲ್ಲೂ 18 ಅಥವಾ 20 ಎಂದು ಬರೆದುಬಿಡುವ ಕೆಟ್ಟ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದೇಹ ಒಳಗೊಳಗೇ ಕುಸಿಯತೊಡಗಿದಾಗ ಎಷ್ಟೋ ಸಲ ಮೊದಲು ಏರುಪೇರಾಗುವುದು ಉಸಿರೇ ಆದ್ದರಿಂದ ಈ ಅಭ್ಯಾಸ ಅಪಾಯಕಾರಿ.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದ ಹಿರಿಯರೊಬ್ಬರನ್ನು ಒಂದು ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುತ್ತಿದ್ದೆ. ಜ್ವರ ಇರಲಿಲ್ಲ, ಬಿಪಿ ಸರಿಯಾಗಿತ್ತು, ಕೇಳಿದರೆ 'ಆರಾಮಾಗಿದ್ದೇನೆ ಸಿಸ್ಟರ್' ಎನ್ನುತ್ತಿದ್ದರು. ಆದರೆ ಸಂಜೆ 16 ಇದ್ದ ಉಸಿರಾಟ ನಡುರಾತ್ರಿಗೆ 22 ಆಗಿ, ಆಮೇಲೆ 28ಕ್ಕೆ ಏರಿತ್ತು. ಹಾಸಿಗೆಯ ಹೊದಿಕೆಯ ಅಂಚನ್ನು ಬೆರಳುಗಳಿಂದ ಹಿಚುಕುತ್ತಲೇ ಇದ್ದರು. ಅದು ಸಂಜೆ ಇರಲಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದಾಗ ಬಿಪಿ ಸರಿಯಿದೆಯಲ್ಲ, ಬೆಳಿಗ್ಗೆ ನೋಡೋಣ ಎಂದರು. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಕಂಡದ್ದೇನು, ನಿಮ್ಮಿಂದ ಏನು ಬೇಕು ಎಂಬ ಕ್ರಮದಲ್ಲಿ ಮಾತನಾಡಲು ನಮಗೆ ಕಲಿಸಿರುತ್ತಾರೆ. ಅದೇ ಕ್ರಮದಲ್ಲಿ ಮೂರೂ ಸಂಖ್ಯೆಗಳನ್ನು ಮತ್ತೊಮ್ಮೆ ಓದಿ ಹೇಳಿ, 'ನೀವು ಈಗಲೇ ಬಂದು ನೋಡಬೇಕು' ಎಂದೆ. ಅವರು ಬಂದರು. ಹೊಲಿಗೆ ಹಾಕಿದ್ದ ಕರುಳಿನ ಭಾಗ ಸೋರಿ ಸೋಂಕು ಹರಡತೊಡಗಿತ್ತು. ಬೆಳಗಾಗುವ ಮುಂಚೆಯೇ ಆ ಹಿರಿಯರನ್ನು ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದರು, ಮತ್ತು ಅವರು ಗುಣವಾಗಿ ಮನೆಗೆ ಹೋದರು. ಅವರ ಮನೆಯವರು ಸಹಜವಾಗಿಯೇ ಸರ್ಜನ್‌ಗೆ ಕೈಮುಗಿದರು. ನನಗೆ ಅದರಿಂದ ಬೇಸರವಾಗಲಿಲ್ಲ; ಚಾರ್ಟಿನಲ್ಲಿ ನನ್ನ ಕೈಬರಹದ ಮೂರು ಸಂಖ್ಯೆಗಳಿದ್ದವು. ನೀವು ಕೇಳಿದ ತೃಪ್ತಿಯ ಬಹುಪಾಲು ಇಂಥದ್ದೇ.

ಬರೆದಿಡುವುದರ ಬಗ್ಗೆಯೂ ಹೇಳಬೇಕು. ಅರ್ಧ ಪಾಳಿ ಬರೆಯುವುದರಲ್ಲೇ ಮುಗಿಯುತ್ತದೆಂದು ನಾವೆಲ್ಲರೂ ಗೊಣಗುತ್ತೇವೆ, ಅದರಲ್ಲಿ ಒಂದಿಷ್ಟು ಬರಹ ನಿಜಕ್ಕೂ ವ್ಯರ್ಥ. ಆದರೂ ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರು ಬಂದಾಗಲೆಲ್ಲ, ರಾತ್ರಿ ಸೈನಿಕರನ್ನು ನೋಡಲು ಹೋಗುವಾಗ ಅವರು ಹಿಡಿಯುತ್ತಿದ್ದ ದೀಪವನ್ನಷ್ಟೇ ನೆನೆಯುವವರಿಗೆ ನಾನು ಅವರ ಅಂಕಿಅಂಶಗಳನ್ನು ನೆನಪಿಸುತ್ತೇನೆ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರಲ್ಲಿ, ಇಂದಿನ ಟರ್ಕಿಯಲ್ಲಿರುವ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದ ಅವರು, ಅಲ್ಲಿ ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದಲೇ ಸೈನಿಕರು ಸತ್ತರೆಂಬುದನ್ನು 1858ರಲ್ಲಿ ರೇಖಾಚಿತ್ರಗಳ ಮೂಲಕ ತೋರಿಸಿಕೊಟ್ಟರು. ಎಣಿಸಿ ಬರೆಯದೆ ಹೋಗಿದ್ದರೆ ಆ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ದೇಹಶ್ರಮದ ವಿಷಯವನ್ನು ಸೇರುವ ಮುಂಚೆಯೇ ತಿಳಿದಿರುವುದು ಒಳ್ಳೆಯದು. ತಾವಾಗಿ ಹೊರಳಲಾರದ ರೋಗಿಯ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕು. ಹಾಗೆ ಹೊರಳಿಸುವಾಗಲೆಲ್ಲ ಬೆನ್ನಿನ ಕೆಳಭಾಗ, ಸೊಂಟದ ಮೂಳೆ, ಹಿಮ್ಮಡಿಗಳನ್ನು ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತಸಂಚಾರ ಇನ್ನೂ ಇದೆ. ಒತ್ತಿದರೂ ಕೆಂಪು ಮಾಸದಿದ್ದರೆ ಹಾಸಿಗೆ ಹುಣ್ಣು ಆಗಲೇ ಆರಂಭವಾಗಿದೆ ಎಂದರ್ಥ. ಕಪ್ಪು ಅಥವಾ ಕಂದು ಚರ್ಮದಲ್ಲಿ ಈ ಕೆಂಪು ಸುಲಭವಾಗಿ ಕಾಣುವುದಿಲ್ಲವಾದ್ದರಿಂದ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಇಬ್ಬರು ಸೇರಿ ಮಾಡಬೇಕಾದ ಈ ಕೆಲಸವನ್ನು ಜನ ಸಾಲದ ವಾರ್ಡಿನಲ್ಲಿ ಒಬ್ಬರೇ ಮಾಡಲು ಹೋಗುತ್ತಾರೆ, ಮತ್ತು ನರ್ಸ್‌ಗಳ ಬೆನ್ನುನೋವು ಹುಟ್ಟುವುದು ಅಲ್ಲಿಯೇ. ರಾತ್ರಿ ಪಾಳಿಯ ಬಗ್ಗೆ ಇಷ್ಟೇ ಹೇಳಬಲ್ಲೆ: ಹಗಲಿನ ನಿದ್ರೆ ರಾತ್ರಿಯ ನಿದ್ರೆಗೆ ಎಂದೂ ಸಮನಾಗದು, ಮನೆಯ ಹಬ್ಬಹರಿದಿನಗಳು ನಮ್ಮ ಡ್ಯೂಟಿ ಪಟ್ಟಿಯನ್ನು ನೋಡಿಕೊಂಡು ಬರುವುದಿಲ್ಲ.

ರೋಗಿಯ ಕಡೆಯವರ ಕೋಪಕ್ಕೆ ಮೊದಲು ಸಿಗುವವರು ನಾವೇ. ಡಾಕ್ಟರ್ ಬಂದು ಹೋಗುತ್ತಾರೆ, ಹಗಲಿರುಳೂ ಕಣ್ಣಿಗೆ ಬೀಳುವವರು ನರ್ಸ್‌ಗಳು. ಹೆದರಿದವರ ದನಿ ಏರುತ್ತದೆ ಎಂಬುದನ್ನು ಅರ್ಥ ಮಾಡಿಕೊಂಡರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ, ಉಳಿದರ್ಧ ನಿಲ್ಲುವುದಿಲ್ಲ. ಬೈಗುಳವನ್ನೋ ಕೈ ಎತ್ತುವುದನ್ನೋ ಸೇವೆಯ ಹೆಸರಿನಲ್ಲಿ ಸಹಿಸಿಕೊಳ್ಳಬೇಕೆಂದು ಯಾರಾದರೂ ನಿಮ್ಮ ತಂಗಿಗೆ ಉಪದೇಶಿಸಿದರೆ ಅದಕ್ಕೆ ಅವರು ಕಿವಿಗೊಡಬೇಕಾಗಿಲ್ಲ. ಲಿಖಿತವಾಗಿ ದೂರು ಕೊಡಬೇಕು. ನರ್ಸ್‌ಗಳನ್ನು 'ದೇವತೆ'ಯರೆಂದು ಹೊಗಳುವವರ ಮೇಲೆ ನನಗೆ ಸ್ವಲ್ಪ ಅನುಮಾನವಿದೆ, ಏಕೆಂದರೆ ದೇವತೆಯರಿಗೆ ಸಂಬಳವನ್ನಾಗಲಿ ವಾರದ ರಜೆಯನ್ನಾಗಲಿ ಕೊಡಬೇಕಾಗಿಲ್ಲ.

ಸಾವನ್ನು ನೋಡಿ ನೋಡಿ ಅಭ್ಯಾಸವಾಗುವುದೇ ಎಂದೂ ಕೇಳಿದ್ದೀರಿ. ಸಾವಿನ ನಂತರ ಮಾಡಬೇಕಾದ ಕೆಲಸ ಅಭ್ಯಾಸವಾಗುತ್ತದೆ: ಕಣ್ಣು ಮುಚ್ಚಿಸುವುದು, ನಳಿಕೆಗಳನ್ನು ತೆಗೆಯುವುದು, ಮೈ ಒರೆಸುವುದು, ಬಟ್ಟೆ ಬದಲಿಸುವುದು, ಮನೆಯವರು ಒಳಗೆ ಬರುವ ಮುಂಚೆ ತಲೆಗೂದಲನ್ನು ಸರಿಪಡಿಸುವುದು. ಮೈ ಒರೆಸುವಾಗ 'ಈಗ ಈ ಕಡೆ ಹೊರಳಿಸುತ್ತೇವೆ' ಎಂದು ಸತ್ತವರಿಗೂ ಹೇಳುವ ನರ್ಸ್‌ಗಳನ್ನು ಬಹಳ ಕಂಡಿದ್ದೇನೆ, ನಾನೂ ಹೇಳುತ್ತೇನೆ. ಸಾವು ಮಾತ್ರ ಒಂದೊಂದು ಸಲ ಒಂದೊಂದು ರೀತಿ ತಟ್ಟುತ್ತದೆ, ಅದರಲ್ಲೂ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವರು ಆ ಮಾತನ್ನೇ ಎತ್ತುವುದಿಲ್ಲ. ಪಾಳಿ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರೊಂದಿಗೆ ಹತ್ತು ನಿಮಿಷ ಮಾತನಾಡಿ ಮನೆಗೆ ಹೋಗುವವರು ಈ ಕೆಲಸದಲ್ಲಿ ಹೆಚ್ಚು ಕಾಲ ಬಾಳುತ್ತಾರೆಂಬುದು ನಾನು ಕಂಡುಕೊಂಡದ್ದು.

ಸಣ್ಣ ಸಂತೋಷಗಳಿಗೆ ಬರವಿಲ್ಲ. ಪಾರ್ಶ್ವವಾಯುವಿನಿಂದ ನುಂಗಲಾಗದೆ ಮೂಗಿನ ನಳಿಕೆಯಲ್ಲೇ ಆಹಾರ ಪಡೆಯುತ್ತಿದ್ದವರು, ನುಂಗುವ ಪರೀಕ್ಷೆ ಮಾಡಿದ ಬಳಿಕ ಚಮಚದಷ್ಟು ನೀರನ್ನು ಕೆಮ್ಮದೆ ಕುಡಿಯುವುದನ್ನು ನೋಡಿದರೆ, ವಾರವಿಡೀ ಅವರ ತಲೆದಿಂಬನ್ನು ಎತ್ತರಿಸುತ್ತ ಬಂದವರಿಗೆ ಆಗುವ ಹಿಗ್ಗು ಬೇರೆ. ಸೂಜಿಗೆ ಸಿಗದ ರಕ್ತನಾಳ ಒಂದೇ ಪ್ರಯತ್ನಕ್ಕೆ ಸಿಕ್ಕಿ, ಮಗು ಅಳುವುದನ್ನೇ ಮರೆತು ನಮ್ಮನ್ನು ನೋಡುವುದೂ ಅಂಥದ್ದೇ.

ಹಾಗಾದರೆ ಸೇರಬಹುದೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ, ಆದರೆ ಕಣ್ಣು ತೆರೆದುಕೊಂಡು ಸೇರಲಿ. ಸೂಜಿ ಚುಚ್ಚಿಕೊಳ್ಳುವ ಅಪಾಯ ವಿದ್ಯಾರ್ಥಿಗಳಿಗೂ ಇರುವುದರಿಂದ, ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ವಿರುದ್ಧದ ಲಸಿಕೆಯನ್ನು ಈಗಲೇ ಆರಂಭಿಸುವುದು ಒಳ್ಳೆಯದು. ಸಾಮಾನ್ಯವಾಗಿ ಮೊದಲ ಡೋಸ್ ಆದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಕೊಡುತ್ತಾರೆ, ಕೊನೆಯ ಡೋಸ್ ಆದ ಒಂದೆರಡು ತಿಂಗಳಲ್ಲಿ ರಕ್ತಪರೀಕ್ಷೆ ಮಾಡಿಸಿದರೆ ರಕ್ಷಣೆ ಬಂದಿದೆಯೇ ಎಂದು ತಿಳಿಯುತ್ತದೆ. ಕಾಲೇಜು ನೋಡಲು ಹೋದಾಗ ಕಟ್ಟಡ, ಪ್ರಯೋಗಾಲಯಗಳ ಬಗ್ಗೆ ಅವರು ತಾವಾಗಿಯೇ ಹೇಳುತ್ತಾರೆ. ಅಲ್ಲಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳಿರುತ್ತಾರೆ, ವಿದ್ಯಾರ್ಥಿಗಳನ್ನು ಕಲಿಸುವುದಕ್ಕೆ ವಾರ್ಡಿಗೆ ಕಳಿಸುತ್ತಾರೋ ಜನರ ಕೊರತೆ ತುಂಬುವುದಕ್ಕೆ ಕಳಿಸುತ್ತಾರೋ ಎಂಬುದನ್ನು ಮಾತ್ರ ಕೊನೆಯ ವರ್ಷದ ವಿದ್ಯಾರ್ಥಿಗಳನ್ನೇ ಕೇಳಬೇಕು.